ವಿಶ್ವಬ್ಯಾಂಕಿನ ದೂರು ಕಿಟಕಿ: ಇನ್‌ಸ್ಪೆಕ್ಷನ್ ಪ್ಯಾನೆಲ್‌ಗೆ ಬರೆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಶುಲ್ಕ: ಇಲ್ಲ. ವಕೀಲರು: ಕಡ್ಡಾಯವಲ್ಲ. ಭಾಷೆ: ಕನ್ನಡದಲ್ಲೇ ಬರೆಯಬಹುದು. ದೂರುದಾರರು: ಕನಿಷ್ಠ ಇಬ್ಬರು. ಹಿಡಿಯುವ ಸಮಯ: ಅದೃಷ್ಟವಿದ್ದರೆ ಒಂದು ವರ್ಷ, ಇಲ್ಲದಿದ್ದರೆ ಎರಡೂವರೆ. ನಮ್ಮ ಅಂಕ: ಐದಕ್ಕೆ ಮೂರು. ಸಾಲದ ಹಣ ಇನ್ನೂ ಹರಿಯುತ್ತಿರುವಾಗಲೇ ಹೋದರೆ ನಾಲ್ಕು, ಹಣವೆಲ್ಲ ಖರ್ಚಾದ ಮೇಲೆ ಹೋದರೆ ಒಂದು.

ವಿಶ್ವಬ್ಯಾಂಕಿನ ಸಾಲದಲ್ಲಿ ನಡೆಯುವ ಯೋಜನೆಯಿಂದ ಹೊಲ, ಮನೆ, ಹಳ್ಳ, ಕಾಡು ಇವುಗಳಿಗೆ ಪೆಟ್ಟು ಬಿದ್ದರೆ ಬಾಧಿತರು ನೇರವಾಗಿ ವಾಷಿಂಗ್ಟನ್‌ಗೆ ದೂರು ಕೊಡಲು ಇರುವ ಜಾಗವೇ ಇನ್‌ಸ್ಪೆಕ್ಷನ್ ಪ್ಯಾನೆಲ್. ಮೂವರು ಸದಸ್ಯರ ಸಣ್ಣ ಕಚೇರಿ. ಸದಸ್ಯರಿಗೆ ಐದು ವರ್ಷದ ಒಂದೇ ಅವಧಿ, ಅದು ಮುಗಿದ ಮೇಲೆ ಬ್ಯಾಂಕಿನಲ್ಲಿ ಮತ್ತೆಂದೂ ಕೆಲಸಕ್ಕೆ ಸೇರುವ ಹಾಗಿಲ್ಲ. ಅವರು ವರದಿ ಒಪ್ಪಿಸುವುದು ಬ್ಯಾಂಕಿನ ಅಧ್ಯಕ್ಷರಿಗಲ್ಲ, ನಿರ್ದೇಶಕ ಮಂಡಳಿಗೆ. ಸ್ವಾತಂತ್ರ್ಯದ ಮಟ್ಟಿಗೆ ಕಾಗದದ ಮೇಲೆ ಇದು ಗಟ್ಟಿ ವ್ಯವಸ್ಥೆ, ಮತ್ತು ಬಹುಮಟ್ಟಿಗೆ ಹಾಗೆಯೇ ನಡೆದುಕೊಂಡೂ ಬಂದಿದೆ.

ಆದರೆ ಹೆಸರು ಕೇಳಿದವರಲ್ಲಿ ಹೆಚ್ಚಿನವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಪ್ಯಾನೆಲ್ ತಪಾಸಣೆ ಮಾಡುವುದು ನಿಮ್ಮ ಊರಿನ ಗುತ್ತಿಗೆದಾರನನ್ನಲ್ಲ, ವಿಶೇಷ ಭೂಸ್ವಾಧೀನಾಧಿಕಾರಿಯನ್ನೂ ಅಲ್ಲ. ಸಾಲ ಕೊಟ್ಟ ಬ್ಯಾಂಕು ತನ್ನದೇ ನಿಯಮಗಳನ್ನು ಪಾಲಿಸಿತೇ, ಪಾಲಿಸದೆ ಇದ್ದದ್ದರಿಂದ ನಿಮಗೆ ಹಾನಿಯಾಯಿತೇ? ಅದು ನೋಡುವುದು ಈ ಎರಡನ್ನು ಮಾತ್ರ. ಜಿಲ್ಲಾಧಿಕಾರಿ ಅನ್ಯಾಯ ಮಾಡಿದರು ಎಂದು ಬರೆದರೆ ಕಡತ ಮುಂದೆ ಹೋಗುವುದಿಲ್ಲ. ಜಿಲ್ಲಾಡಳಿತ ಹೀಗೆ ಮಾಡುತ್ತಿದ್ದಾಗ ಅದನ್ನು ನೋಡಿ ಸರಿಪಡಿಸಬೇಕಿದ್ದ ಬ್ಯಾಂಕಿನ ತಂಡ ಸುಮ್ಮನಿತ್ತು ಎಂದು ಬರೆದರೆ ಹೋಗುತ್ತದೆ. ಟೆಂಡರ್ ತಕರಾರನ್ನು ಪ್ಯಾನೆಲ್ ಮುಟ್ಟುವುದಿಲ್ಲ. ಲಂಚದ ದೂರಿಗೆ ಬ್ಯಾಂಕಿನಲ್ಲೇ ಬೇರೆ ವಿಭಾಗವಿದೆ.

ಈ ಕಿಟಕಿ ತೆರೆದದ್ದೇ ನಮ್ಮ ನರ್ಮದೆಯಿಂದ. ಸರ್ದಾರ್ ಸರೋವರಕ್ಕೆ 1985ರಲ್ಲಿ ಬ್ಯಾಂಕು 45 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಕಣಿವೆಯ ಹೋರಾಟದ ಒತ್ತಡಕ್ಕೆ ಬ್ಯಾಂಕೇ ನೇಮಿಸಿದ ಬ್ರಾಡ್‌ಫೋರ್ಡ್ ಮೋರ್ಸ್ ಆಯೋಗ 1992ರ ಜೂನ್‌ನಲ್ಲಿ ವರದಿ ಕೊಟ್ಟು, ಪುನರ್ವಸತಿಯೂ ಪರಿಸರ ಅಧ್ಯಯನವೂ ಬ್ಯಾಂಕಿನ ಸ್ವಂತ ನೀತಿಗೆ ಹೊಂದುವುದಿಲ್ಲ ಎಂದಿತು. 1993ರ ಮಾರ್ಚ್‌ನಲ್ಲಿ ಭಾರತ ಉಳಿದ ಸಾಲ ಬೇಡವೆಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಪ್ಯಾನೆಲ್ ಸ್ಥಾಪನೆಯ ಠರಾವು ಆಯಿತು, 1994ರಲ್ಲಿ ಕೆಲಸ ಶುರು. ಅದೇ ದಶಕದಲ್ಲಿ ಕರ್ನಾಟಕದ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲೂ ಪುನರ್ವಸತಿ ಹಿಂದೆ ಬಿದ್ದದ್ದಕ್ಕೆ ಬ್ಯಾಂಕು ಹಣ ಬಿಡುಗಡೆ ತಡೆದಿತ್ತು. ಆಲಮಟ್ಟಿ ಹಿನ್ನೀರಿನ ಊರುಗಳಿಗೆ ಈ ಮಾತು ಹೊಸದಲ್ಲ.

ಹಣ ಯಾರದು, ಮೊದಲು ಅದನ್ನು ನೋಡಿ

ದೂರು ತಪ್ಪು ಬಾಗಿಲಿಗೆ ಹೋದರೆ ತಿಂಗಳುಗಟ್ಟಲೆ ವ್ಯರ್ಥ. ಯೋಜನೆಯ ಫಲಕದಲ್ಲಿ ‘ವಿಶ್ವಬ್ಯಾಂಕ್ ನೆರವು’ ಎಂದಿದ್ದರೂ ನಂಬಿ ಕೂರಬೇಡಿ. ಸರ್ಕಾರಕ್ಕೆ ಸಾಲ ಕೊಡುವ ಐಬಿಆರ್‌ಡಿ ಮತ್ತು ಐಡಿಎ ಎಂಬ ವಿಶ್ವಬ್ಯಾಂಕಿನ ಎರಡು ಅಂಗಗಳ ಹಣವಿದ್ದರೆ ಮಾತ್ರ ಇನ್‌ಸ್ಪೆಕ್ಷನ್ ಪ್ಯಾನೆಲ್. ಖಾಸಗಿ ಕಂಪನಿಗೆ ಸಾಲ ಕೊಡುವ ಐಎಫ್‌ಸಿ ವಿಶ್ವಬ್ಯಾಂಕ್ ಸಮೂಹದ್ದೇ ಆದರೂ ಅದರ ಬಾಗಿಲು ಬೇರೆ. ಅದರ ಹೆಸರು ಸಿಎಒ, ಅಲ್ಲಿ ಒಬ್ಬರೇ ದೂರು ಕೊಟ್ಟರೂ ಸಾಕು. ಎಡಿಬಿ, ಅಂದರೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲವಾದರೆ ಮನಿಲಾದಲ್ಲಿರುವ ಅದರ ಹೊಣೆಗಾರಿಕೆ ವ್ಯವಸ್ಥೆ, ಎಐಐಬಿ, ಅಂದರೆ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ ಆದರೆ ಬೀಜಿಂಗ್‌ನಲ್ಲಿರುವ ಅದರ ದೂರು ವಿಭಾಗ ಪಿಪಿಎಂ. ಐರೋಪ್ಯ ಹೂಡಿಕೆ ಬ್ಯಾಂಕಿಗೂ ತನ್ನದೊಂದು ದೂರು ವಿಭಾಗವಿದೆ. ಬೆಂಗಳೂರು ಮೆಟ್ರೊದ ನಾಗವಾರ ಮಾರ್ಗಕ್ಕೆ ಈ ಕೊನೆಯ ಎರಡು ಬ್ಯಾಂಕುಗಳ ಹಣವಿದೆ. ವೆಲ್ಲಾರ ಜಂಕ್ಷನ್ ಬಳಿಯ ಚರ್ಚ್ ಆವರಣದ ಜಾಗ ಮತ್ತು ಮರಗಳ ವಿಚಾರ ಐರೋಪ್ಯ ಬ್ಯಾಂಕಿನ ದೂರು ವಿಭಾಗಕ್ಕೆ ಹೋದದ್ದು ಅದಕ್ಕೇ. ವಿಶ್ವಬ್ಯಾಂಕಿಗೆ ಬರೆದಿದ್ದರೆ ‘ನಮಗೆ ಸಂಬಂಧವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತಿತ್ತು.

ಬ್ಯಾಂಕಿನ ಜಾಲತಾಣದಲ್ಲಿ ಪ್ರತಿ ಯೋಜನೆಗೂ ಒಂದು ಪುಟವಿದೆ, ಪಿ ಅಕ್ಷರ ಮತ್ತು ಆರು ಅಂಕಿಯ ಒಂದು ಸಂಖ್ಯೆಯಿದೆ. ಆ ಸಂಖ್ಯೆ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಆ ಪುಟದಲ್ಲಿ ಮೊದಲು ಎರಡು ದಿನಾಂಕ ಬರೆದುಕೊಳ್ಳಿ. ಒಂದು ಮಂಜೂರಾತಿಯದು, ಇನ್ನೊಂದು ಸಾಲ ಮುಕ್ತಾಯದ್ದು. ಹಿಂದೆ ಸಾಲದ ಶೇ 95ರಷ್ಟು ಖರ್ಚಾದ ಕೂಡಲೇ ಕಿಟಕಿ ಮುಚ್ಚುತ್ತಿತ್ತು. 2020ರ ಸುಧಾರಣೆಯ ನಂತರ ಮುಕ್ತಾಯ ದಿನಾಂಕದಿಂದ 15 ತಿಂಗಳವರೆಗೆ ದೂರು ಕೊಡಬಹುದು. ಒಳ್ಳೆಯ ಬದಲಾವಣೆಯೇ, ಆದರೆ ಆ 15 ತಿಂಗಳನ್ನು ನೆಚ್ಚಿಕೊಂಡು ಕೂರುವುದು ದಡ್ಡತನ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗುತ್ತದೆ. ಕೊಡುವ ಹಣವೇ ಉಳಿದಿಲ್ಲದ ಬ್ಯಾಂಕಿನ ಮಾತನ್ನು ಇಲಾಖೆ ಯಾಕೆ ಕೇಳೀತು?

ಮಂಜೂರಾತಿ ದಿನಾಂಕ ಯಾಕೆ ಬೇಕೆಂದರೆ, ಯಾವ ನಿಯಮ ಪುಸ್ತಕ ಅನ್ವಯಿಸುತ್ತದೆ ಎನ್ನುವುದು ಅದರಿಂದ ಬಹುಮಟ್ಟಿಗೆ ಗೊತ್ತಾಗುತ್ತದೆ. 2018ರ ಅಕ್ಟೋಬರ್ 1ರ ನಂತರ ತಯಾರಿ ಶುರುವಾದ ಯೋಜನೆಗಳಿಗೆ ‘ಪರಿಸರ ಮತ್ತು ಸಾಮಾಜಿಕ ಚೌಕಟ್ಟು’ ಎಂಬ ಹೊಸ ವ್ಯವಸ್ಥೆ ಅನ್ವಯ. ಅದರಲ್ಲಿ ಇಎಸ್‌ಎಸ್ 1ರಿಂದ 10ರವರೆಗೆ ಹತ್ತು ಮಾನದಂಡಗಳು. ಹುಬ್ಬಳ್ಳಿ-ಧಾರವಾಡದ 24 ಗಂಟೆ ನೀರಿನ ಯೋಜನೆಗೆ ಸಾಲ ಮಂಜೂರಾದದ್ದು 2016ರಲ್ಲಿ, ಹಾಗಾಗಿ ಅಲ್ಲಿ ಹಳೆಯ ನೀತಿಗಳು. ಅವುಗಳಲ್ಲಿ ಪರಿಸರ ಅಧ್ಯಯನದ್ದು 4.01, ಒಕ್ಕಲೆಬ್ಬಿಸುವಿಕೆಯದ್ದು 4.12. ಇನ್ನು ಫಲಿತಾಂಶ ನೋಡಿ ಹಣ ಕೊಡುವ ‘ಪ್ರೋಗ್ರಾಂ ಫಾರ್ ರಿಸಲ್ಟ್ಸ್’ ಎಂಬ ಮೂರನೆಯ ಬಗೆಯಿದೆ. ಕರ್ನಾಟಕದ ಗ್ರಾಮೀಣ ನೀರು ಸರಬರಾಜಿಗೆ 2023ರಲ್ಲಿ ಒಪ್ಪಿದ 36.3 ಕೋಟಿ ಡಾಲರ್ ಈ ಬಗೆಯದು. ಇದಕ್ಕೆ ಹತ್ತು ಮಾನದಂಡಗಳು ನೇರ ಅನ್ವಯವಾಗುವುದಿಲ್ಲ, ರಾಜ್ಯದ ಸ್ವಂತ ವ್ಯವಸ್ಥೆ ಸಾಕಷ್ಟಿದೆಯೇ ಎಂದು ಬ್ಯಾಂಕು ಅಳೆದು ನೋಡಿರುತ್ತದೆ. ದೂರು ಕೊಡಬಹುದು, ಆದರೆ ಭೂಮಿ ಮತ್ತು ಪುನರ್ವಸತಿಯ ಮಾನದಂಡವಾದ ಇಎಸ್‌ಎಸ್ 5 ಮುರಿದಿದ್ದಾರೆ ಎಂದು ಬರೆದರೆ ಆ ವಾದ ನಿಲ್ಲುವುದಿಲ್ಲ.

ಇಳಿಸಿಕೊಳ್ಳಬೇಕಾದ ಕಾಗದಗಳು ಬಹಳವಿಲ್ಲ. ಯೋಜನೆ ಮೌಲ್ಯಮಾಪನ ದಸ್ತಾವೇಜು, ಪುನರ್ವಸತಿ ಕ್ರಿಯಾ ಯೋಜನೆ, ಪರಿಸರ ನಿರ್ವಹಣಾ ಯೋಜನೆ, ಬ್ಯಾಂಕು ಕಾಲಕಾಲಕ್ಕೆ ಹಾಕುವ ಪ್ರಗತಿ ವರದಿ. ಎಲ್ಲಕ್ಕಿಂತ ಮುಖ್ಯ ಇಎಸ್‌ಸಿಪಿ ಎಂಬ ಬದ್ಧತಾ ಪಟ್ಟಿ. ಯಾವ ಕೆಲಸ, ಯಾರ ಹೊಣೆ, ಯಾವಾಗ ಮುಗಿಯಬೇಕು ಎಂದು ಕೋಷ್ಟಕದಲ್ಲಿ ಬರೆದಿರುವ ಈ ಪಟ್ಟಿ ಸಾಲದ ಒಪ್ಪಂದದ ಭಾಗ. ನೂರಾರು ಪುಟದ ವರದಿ ಓದಲು ಪುರುಸೊತ್ತಿಲ್ಲದವರು ಇದೊಂದನ್ನು ಓದಿದರೂ ಸಾಕು. ‘ಕಾಮಗಾರಿ ಆರಂಭಕ್ಕೆ ಮುನ್ನ’ ಎಂದು ಬರೆದಿರುವ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಊರಿನಲ್ಲಿ ಜೆಸಿಬಿ ಆಗಲೇ ಇಳಿದಿದ್ದರೆ ದೂರಿನ ಬೆನ್ನೆಲುಬು ಅಲ್ಲೇ ಸಿಕ್ಕಿತು.

ದೂರಿನಲ್ಲಿ ಏನಿರಬೇಕು

ಪ್ಯಾನೆಲ್ ಯಾವ ನಿಗದಿತ ನಮೂನೆಯನ್ನೂ ಕೇಳುವುದಿಲ್ಲ, ನೀತಿಯ ಸಂಖ್ಯೆ ಬರೆಯಲೇಬೇಕೆಂದೂ ಇಲ್ಲ. ಎರಡು-ಮೂರು ಪುಟ ಸಾಕು. ಯಾವ ಯೋಜನೆ, ನೀವು ಎಲ್ಲಿ ವಾಸ, ಏನು ಹಾನಿಯಾಗಿದೆ ಅಥವಾ ಆಗಲಿದೆ, ಬ್ಯಾಂಕಿಗೆ ಯಾವಾಗ ತಿಳಿಸಿದಿರಿ, ಏನು ಉತ್ತರ ಬಂತು, ಸಹಿ. ಇಷ್ಟೇ. ಸಂಘಟನೆಯೋ ವಕೀಲರೋ ನಿಮ್ಮ ಪರವಾಗಿ ಕೊಡುವುದಾದರೆ ನೀವು ಸಹಿ ಮಾಡಿದ ಅಧಿಕಾರ ಪತ್ರ ಜೊತೆಗಿರಬೇಕು. ಹೆಸರು ಗುಟ್ಟಾಗಿಡಿ ಎಂದು ಕೇಳಿದರೆ ಪ್ಯಾನೆಲ್ ಅದನ್ನು ಪಾಲಿಸುತ್ತದೆ. ಆದರೆ ಹೆಸರೇ ಇಲ್ಲದ ಮೂಗರ್ಜಿ ನಡೆಯುವುದಿಲ್ಲ. ಕನಿಷ್ಠ ಪ್ಯಾನೆಲ್‌ಗಾದರೂ ನೀವು ಯಾರೆಂದು ಗೊತ್ತಿರಬೇಕು.

ಕೈ ತಪ್ಪುವುದು ಹೆಚ್ಚಾಗಿ ‘ಬ್ಯಾಂಕಿಗೆ ಯಾವಾಗ ತಿಳಿಸಿದಿರಿ’ ಎಂಬಲ್ಲಿ. ತಹಶೀಲ್ದಾರರಿಗೆ ಮನವಿ, ಶಾಸಕರಿಗೆ ಮನವಿ, ಮುಖ್ಯಮಂತ್ರಿಗಳ ಜನತಾ ದರ್ಶನದಲ್ಲಿ ಮನವಿ, ಎಲ್ಲದರ ಸ್ವೀಕೃತಿಯೂ ಇರುತ್ತದೆ. ಬ್ಯಾಂಕಿಗೆ ಬರೆದ ಒಂದು ಪತ್ರವೂ ಇರುವುದಿಲ್ಲ. ಮೊದಲು ಬ್ಯಾಂಕಿನ ಸಿಬ್ಬಂದಿಗೆ ಹೇಳಿ, ಅವರ ಉತ್ತರ ತೃಪ್ತಿ ಕೊಡದಿದ್ದರೆ ಮಾತ್ರ ಪ್ಯಾನೆಲ್ ಎನ್ನುವುದು ನಿಯಮ. ಯೋಜನೆಯ ಪುಟದಲ್ಲಿ ತಂಡದ ಮುಖ್ಯಸ್ಥರ ಹೆಸರಿರುತ್ತದೆ. ಅವರಿಗೆ ಮತ್ತು ದೆಹಲಿ ಕಚೇರಿಗೆ ಇ-ಮೇಲ್ ಹಾಕಿ ಪ್ರತಿ ಇಟ್ಟುಕೊಳ್ಳಿ. ಬ್ಯಾಂಕಿನ ತಂಡ ಊರಿಗೆ ಭೇಟಿ ಕೊಟ್ಟಾಗ ಸಭೆಯಲ್ಲಿ ಹೇಳಿದ್ದರೆ ಅದರ ದಿನಾಂಕ, ಬಂದವರ ಹೆಸರು, ತೆಗೆದ ಫೋಟೊ ಇವೂ ನಡೆಯುತ್ತವೆ. ಒಬ್ಬರೇ ಇದ್ದು ಇನ್ನೊಬ್ಬ ಸಹಿದಾರ ಸಿಗದಿದ್ದರೆ ಬ್ಯಾಂಕಿನದೇ ಜಿಆರ್‌ಎಸ್ ಎಂಬ ಕುಂದುಕೊರತೆ ವಿಭಾಗಕ್ಕೆ ಬರೆಯಬಹುದು. ಅದು ಸ್ವತಂತ್ರವಲ್ಲ, ಆಡಳಿತ ವರ್ಗದ ಕೈಕೆಳಗಿನದು. ಆದರೂ ‘ತಿಳಿಸಿದ್ದೆವು’ ಎನ್ನುವುದಕ್ಕೆ ಅದು ದಾಖಲೆಯಾಗುತ್ತದೆ.

‘ಪರಿಸರ ನಾಶವಾಗುತ್ತಿದೆ, ರೈತರಿಗೆ ಘೋರ ಅನ್ಯಾಯವಾಗಿದೆ, ಯೋಜನೆ ರದ್ದುಮಾಡಿ’ ಎನ್ನುವ ವಾಕ್ಯ ಮೆರವಣಿಗೆಗೆ ಸರಿ, ಪ್ಯಾನೆಲ್‌ಗೆ ಅದರಿಂದ ಹಿಡಿಯಲು ಏನೂ ಸಿಗುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: ‘ಮಾರ್ಚ್ ಎರಡನೇ ವಾರ ಪೈಪ್‌ಲೈನ್ ಅಗೆದ ಮಣ್ಣನ್ನು ಹಳ್ಳಕ್ಕೆ ಸುರಿದರು. ಆಮೇಲೆ ಹಳ್ಳದ ಪಕ್ಕದ 14 ಮನೆಗಳ ತೆರೆದ ಬಾವಿ ನೀರು ಕೆಂಪಾಗಿ ಕುಡಿಯಲು ಬರುತ್ತಿಲ್ಲ. ಅಗೆದ ಮಣ್ಣನ್ನು ಗುರುತಿಸಿದ ಜಾಗದಲ್ಲೇ ಹಾಕಬೇಕೆಂದು ಪರಿಸರ ನಿರ್ವಹಣಾ ಯೋಜನೆ ಹೇಳುತ್ತದೆ. ಏಪ್ರಿಲ್ 3ರಂದು ಬ್ಯಾಂಕಿಗೆ ಬರೆದೆವು, ಉತ್ತರವಿಲ್ಲ.’ ಹಾನಿ, ಅದರ ಕಾರಣ, ಮುರಿದ ಮಾತು, ಬ್ಯಾಂಕಿನ ಮೌನ ನಾಲ್ಕೂ ಇದರಲ್ಲಿವೆ. ದಿನಾಂಕವಿರುವ ಆರು ಫೋಟೊ ಸಾಕು, ಅರವತ್ತು ಬೇಡ.

ಭೂಮಿಯ ವಿಷಯದಲ್ಲಿ ಇಎಸ್‌ಎಸ್ 5 ನಮ್ಮ ಕಾನೂನಿಗಿಂತ ಎರಡು ಕಡೆ ಮುಂದಿದೆ. ಕರ್ನಾಟಕದ ಓದುಗರು ಗಮನಿಸಬೇಕಾದದ್ದು ಇಲ್ಲೇ.

ಒಂದು, ಮನೆಯ ಬೆಲೆ. ಲೋಕೋಪಯೋಗಿ ಇಲಾಖೆ ದರಪಟ್ಟಿಯಂತೆ ನಿಮ್ಮ ಹಂಚಿನ ಮನೆಗೆ 6 ಲಕ್ಷ ರೂಪಾಯಿ ಬಂತು ಎನ್ನಿ. ಕಟ್ಟಿ 25 ವರ್ಷವಾಯಿತೆಂದು ಸವಕಳಿ ಕಳೆದು 4 ಲಕ್ಷ ಕೈಗಿಡುತ್ತಾರೆ. ಬ್ಯಾಂಕಿನ ನಿಯಮದಲ್ಲಿ ಸವಕಳಿ ಕಳೆಯುವಂತಿಲ್ಲ. ಅಂಥದ್ದೇ ಮನೆಯನ್ನು ಇಂದು ಮತ್ತೆ ಕಟ್ಟಲು ತಗಲುವ ಪೂರ್ತಿ ವೆಚ್ಚ ಮತ್ತು ನೋಂದಣಿಯಂಥ ಖರ್ಚನ್ನೂ ಕೊಡಬೇಕು. ಆ 2 ಲಕ್ಷದ ವ್ಯತ್ಯಾಸ ಮೌಲ್ಯಮಾಪನ ಹಾಳೆಯಲ್ಲೇ ಒಂದು ಕಾಲಮ್‌ನಲ್ಲಿ ಕಣ್ಣಿಗೆ ಕಾಣುತ್ತದೆ. ಆ ಹಾಳೆಯ ಪ್ರತಿ ಲಗತ್ತಿಸಿದರೆ ಬೇರೆ ವಾದ ಬೇಕಿಲ್ಲ.

ಎರಡು, ಪಹಣಿ ಇಲ್ಲದವರು. ಬಗರ್‌ಹುಕುಂ ಸಾಗುವಳಿ, ಗೋಮಾಳದ ಅಂಚಿನ ಗುಡಿಸಲು, ರಸ್ತೆ ಬದಿಯ ಪೆಟ್ಟಿಗೆ ಅಂಗಡಿ ಇವರನ್ನು ‘ಒತ್ತುವರಿದಾರರು’ ಎಂದು ಪಟ್ಟಿಯಿಂದ ಬಿಡುವುದು ವಾಡಿಕೆ. ಬ್ಯಾಂಕಿನ ನಿಯಮ ಮೂರು ವರ್ಗ ಮಾಡುತ್ತದೆ. ದಾಖಲೆ ಇರುವವರು, ದಾಖಲೆ ಇಲ್ಲದಿದ್ದರೂ ಕಾನೂನು ಮಾನ್ಯ ಮಾಡಬಹುದಾದ ಹಕ್ಕು ಇರುವವರು, ಯಾವ ಹಕ್ಕೂ ಇಲ್ಲದೆ ಅಲ್ಲಿ ಬದುಕುತ್ತಿರುವವರು. ಮೂರನೆಯವರಿಗೆ ನೆಲದ ಬೆಲೆ ಸಿಗದು. ಆದರೆ ಕಟ್ಟಡ, ಮರ, ಬೆಳೆಗೆ ಪರಿಹಾರ ಮತ್ತು ಪುನರ್ವಸತಿ ನೆರವು ಸಿಗಲೇಬೇಕು. ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು ಎರಡನೆಯ ವರ್ಗಕ್ಕೆ ಬರುತ್ತೇವೆಂದು ವಾದಿಸಲು ಜಾಗವಿದೆ. ಒಂದೇ ಷರತ್ತು, ಬಾಧಿತರ ಅರ್ಹತೆಗೆ ಗೊತ್ತುಮಾಡಿದ ‘ಕಟ್ ಆಫ್’ ದಿನಾಂಕಕ್ಕೆ ಮುಂಚೆ ಅಲ್ಲಿದ್ದಿರಬೇಕು. ಗಣತಿಯ ದಿನ ಕೂಲಿಗೆಂದು ಊರು ಬಿಟ್ಟವರು ಪಟ್ಟಿಯಿಂದ ಬಿದ್ದುಹೋಗುವುದು ಇಲ್ಲೇ. ಹಳೆಯ ಕರೆಂಟ್ ಬಿಲ್ಲು, ಪಡಿತರ ಚೀಟಿ, ಶಾಲೆಯ ವರ್ಗಾವಣೆ ಪತ್ರ ಇಂಥವನ್ನು ಜೋಡಿಸಿಡಿ.

ಕ್ಯಾಲೆಂಡರ್

ದೂರು ತಲುಪಿದ 15 ಕೆಲಸದ ದಿನಗಳೊಳಗೆ ನೋಂದಣಿಯ ನಿರ್ಧಾರ. ನೋಂದಣಿಯಾದರೆ ಬ್ಯಾಂಕಿನ ಆಡಳಿತ ವರ್ಗಕ್ಕೆ ಉತ್ತರಿಸಲು 21 ದಿನ. ಅದಾದ ಮೇಲೆ ಪ್ಯಾನೆಲ್ ತಾನೇ ಊರಿಗೆ ಬಂದು ನೋಡಿ, ತನಿಖೆ ಬೇಕೇ ಬೇಡವೇ ಎಂದು ಇನ್ನೊಂದು 21 ದಿನದಲ್ಲಿ ಶಿಫಾರಸು ಮಾಡಬೇಕು. ಎಲ್ಲವೂ ವಾಷಿಂಗ್ಟನ್ನಿನ ಕೆಲಸದ ದಿನಗಳು, ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ. ಹೀಗೆ ಸುಮಾರು ಮೂರು ತಿಂಗಳು. ಈ ಘಟ್ಟದವರೆಗೆ ಸೇವೆ ಚುರುಕಾಗಿದೆ. ನಮ್ಮ ಯಾವುದೇ ಪ್ರಾಧಿಕಾರಕ್ಕೆ ಹೋಲಿಸಿದರೂ ಇದು ಮೆಚ್ಚಬೇಕಾದ ವೇಗ.

ಕವಲು ಬರುವುದು ಮಂಡಳಿ ತನಿಖೆಗೆ ಒಪ್ಪಿದ ನಂತರ. 2020ರಿಂದ ಈಚೆಗೆ, ತನಿಖೆಗೆ ಮುನ್ನ ರಾಜಿ ಮಾತುಕತೆಯ ಆಯ್ಕೆ ಕೊಡುತ್ತಾರೆ. ಅದನ್ನು ನಡೆಸುವುದು ಪ್ಯಾನೆಲ್ ಅಲ್ಲ, ಹೊಸದಾಗಿ ಹುಟ್ಟಿದ ಬೇರೆ ಘಟಕ. ನೀವೂ ಸರ್ಕಾರವೂ ಒಪ್ಪಿದರೆ ಒಂದು ವರ್ಷ, ಬೇಕಾದರೆ ಇನ್ನಾರು ತಿಂಗಳು. ಒಪ್ಪಂದವಾದರೆ ತನಿಖೆ ನಡೆಯುವುದೇ ಇಲ್ಲ, ಆಗದಿದ್ದರೆ ತನಿಖೆ ಆಗ ಶುರು. ನಮ್ಮ ಅಭಿಪ್ರಾಯ ಹೇಳುವುದಾದರೆ: ನಿಮಗೆ ಬೇಕಾದದ್ದು ಎಣಿಸಿ ಹೇಳಬಹುದಾದ ವಸ್ತುವಾಗಿದ್ದರೆ, ಅಂದರೆ 14 ಬಾವಿಗೆ ಬದಲಿ ನೀರು, 30 ಮನೆಗೆ ಸವಕಳಿ ಹಣ ಇಂಥದ್ದಾದರೆ, ಮಾತುಕತೆಗೆ ಹೋಗಿ. ತನಿಖೆಯಲ್ಲಿ ಸಿಗದ ವಸ್ತು ಅಲ್ಲಿ ಸಿಗಬಹುದು. ಅಣೆಕಟ್ಟಿನ ಜಾಗವೇ ತಪ್ಪು, ಪರಿಸರ ಅಧ್ಯಯನವೇ ಸುಳ್ಳು ಎನ್ನುವ ತಕರಾರಾದರೆ ಮಾತುಕತೆ ಎಂದರೆ ಹದಿನೆಂಟು ತಿಂಗಳು ಕಾಂಕ್ರೀಟ್ ಸುರಿಯಲು ಬಿಟ್ಟಂತೆ. ಮಾತುಕತೆ ನಡೆಯುವಾಗಲೂ ತನಿಖೆ ನಡೆಯುವಾಗಲೂ ಕಾಮಗಾರಿ ತನ್ನಿಂದ ತಾನೇ ನಿಲ್ಲುವುದಿಲ್ಲ. ಇದು ತಡೆಯಾಜ್ಞೆ ಕೊಡುವ ನ್ಯಾಯಾಲಯವಲ್ಲ.

ತನಿಖೆಗೆ ಆರು ತಿಂಗಳು ಎನ್ನುತ್ತಾರೆ, ಅದಾದ ಮೇಲೆ ಆಡಳಿತ ವರ್ಗ ಸುಮಾರು ಆರು ವಾರದಲ್ಲಿ ಕ್ರಿಯಾ ಯೋಜನೆ ತರಬೇಕು. ಎಲ್ಲ ಹಾದಿಯನ್ನೂ ತುಳಿದರೆ ಎರಡೂವರೆ ವರ್ಷ.

ಈವರೆಗಿನ ಫಸಲು

ಮೊದಲ ದೂರೇ ದೊಡ್ಡ ಗೆಲುವು. 1994ರ ಅಕ್ಟೋಬರ್‌ನಲ್ಲಿ ನೇಪಾಳದ ಅರುಣ್-3 ಜಲವಿದ್ಯುತ್ ಯೋಜನೆಯ ಬಗ್ಗೆ ದೂರು ಹೋಯಿತು. 1995ರ ಆಗಸ್ಟ್‌ನಲ್ಲಿ ಆಗಷ್ಟೇ ಅಧ್ಯಕ್ಷರಾಗಿದ್ದ ಜೇಮ್ಸ್ ವುಲ್ಫೆನ್‌ಸನ್ ಸಾಲದಿಂದ ಹಿಂದೆ ಸರಿದರು. ಆಗ ಅದು 201 ಮೆಗಾವಾಟ್. ಅದೇ ಅರುಣ್-3 ಈಗ 900 ಮೆಗಾವಾಟ್ ಆಗಿ, ಭಾರತದ ಸಾರ್ವಜನಿಕ ಕಂಪನಿ ಎಸ್‌ಜೆವಿಎನ್ ಕೈಗೆ ಹೋಗಿದೆ. ವಿಶ್ವಬ್ಯಾಂಕು ಹೊರಟಿತು, ಅದರ ಜೊತೆಗೆ ದೂರು ಕಿಟಕಿಯೂ ಹೊರಟಿತು.

ಮುಂಬೈ ಪ್ರಕರಣ ಭಾರತದಲ್ಲಿ ಈ ಸೇವೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಳ್ಳೆಯ ಮಾದರಿ. ನಗರ ಸಾರಿಗೆ ಯೋಜನೆಗಾಗಿ ಸಾಂತಾಕ್ರೂಜ್-ಚೆಂಬೂರ್ ಸಂಪರ್ಕ ರಸ್ತೆಯ ಅಂಗಡಿಗಳನ್ನು ಎತ್ತಬೇಕಿತ್ತು. ದೊಡ್ಡ ಅಂಗಡಿಯವರಿಗೂ ಉಚಿತವಾಗಿ ಸಿಗುವುದು 225 ಚದರ ಅಡಿ ಮಾತ್ರ, ಅದೂ ಗಿರಾಕಿಗಳಿಂದ ದೂರ. ಅಂಗಡಿಕಾರರ ಸಂಘ 2004ರಲ್ಲಿ ದೂರು ಕೊಟ್ಟಿತು. ಪ್ಯಾನೆಲ್ 2005ರ ಕೊನೆಯಲ್ಲಿ ಬ್ಯಾಂಕಿನ ತಪ್ಪುಗಳನ್ನು ಪಟ್ಟಿ ಮಾಡಿತು. 2006ರ ಮಾರ್ಚ್‌ನಲ್ಲಿ ಬ್ಯಾಂಕು ರಸ್ತೆ ಮತ್ತು ಪುನರ್ವಸತಿ ಭಾಗಗಳ ಹಣ ನಿಲ್ಲಿಸಿತು, ರಾಜ್ಯ ಸರ್ಕಾರ ಕೆಲವು ಷರತ್ತು ಒಪ್ಪಿದ ಮೇಲೆ ಕೆಲವೇ ತಿಂಗಳಲ್ಲಿ ಮತ್ತೆ ಬಿಟ್ಟಿತು. ಹಣ ನಿಂತ ಆ ಕೆಲವು ತಿಂಗಳಲ್ಲಿ ಸರ್ಕಾರ ಕೇಳಿಸಿಕೊಂಡಷ್ಟು ಉಳಿದ ವರ್ಷಗಳಲ್ಲಿ ಕೇಳಿಸಿಕೊಳ್ಳಲಿಲ್ಲ.

ಕಾಂಬೋಡಿಯಾದ ಬೊಯುಂಗ್ ಕಾಕ್ ಕೆರೆಯದ್ದೂ ಇದೇ ಪಾಠ. ರಾಜಧಾನಿ ನೋಮ್ ಪೆನ್‌ನ ಆ ಕೆರೆಯ ಸುತ್ತಲಿನವರನ್ನು ಭೂ ದಾಖಲೀಕರಣದಿಂದ ಹೊರಗಿಟ್ಟು ಎಬ್ಬಿಸಿದ್ದರು. 2009ರಲ್ಲಿ ದೂರು. 2011ರ ಆಗಸ್ಟ್‌ನಲ್ಲಿ ಬ್ಯಾಂಕು ಆ ದೇಶಕ್ಕೆ ಹೊಸ ಸಾಲವನ್ನೇ ನಿಲ್ಲಿಸಿದೆ ಎಂಬ ಸುದ್ದಿ ಹೊರಬಿತ್ತು. ಅದೇ ತಿಂಗಳು ಉಳಿದ ಕುಟುಂಬಗಳಿಗೆಂದು ಸರ್ಕಾರ 12.44 ಹೆಕ್ಟೇರ್ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಬಹುಪಾಲು ಜನ ಜಾಗ ಖಾಲಿ ಮಾಡಿಯಾಗಿತ್ತು. ಉಗಾಂಡದ ರಸ್ತೆ ಯೋಜನೆಯಲ್ಲಿ ಗುತ್ತಿಗೆ ಕಾರ್ಮಿಕರಿಂದ ಹುಡುಗಿಯರ ಮೇಲೆ ಲೈಂಗಿಕ ಶೋಷಣೆ ನಡೆದದ್ದು ಬಯಲಾಗಿ 2015ರ ಡಿಸೆಂಬರ್‌ನಲ್ಲಿ ಸಾಲ ರದ್ದಾಯಿತು. ಬ್ಯಾಂಕಿನ ಎಲ್ಲ ಯೋಜನೆಗಳಲ್ಲಿ ಈ ವಿಷಯದ ನಿಯಮ ಬಿಗಿಯಾದದ್ದು ಅದರ ನಂತರ.

ಇನ್ನು ನಮ್ಮದೇ ನಾಗರಹೊಳೆ. ದೇಶದ ಏಳು ಸಂರಕ್ಷಿತ ಕಾಡುಗಳಿಗೆಂದು ಬಂದ ಪರಿಸರ-ಅಭಿವೃದ್ಧಿ ಯೋಜನೆಯಲ್ಲಿ ನಾಗರಹೊಳೆಯೂ ಇತ್ತು. ಕಾಡಿನೊಳಗಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬ, ಯರವರನ್ನು ಯೋಜನೆ ರೂಪಿಸುವಾಗ ಸರಿಯಾಗಿ ಕೇಳಲಿಲ್ಲ, ಬುಡಕಟ್ಟು ಜನರಿಗಾಗಿ ಬೇಕಿದ್ದ ಪ್ರತ್ಯೇಕ ಯೋಜನೆ ಮಾಡಲಿಲ್ಲ ಎಂದು ಬುಡಕಟ್ಟು ಜನರ ಹಕ್ಕುಸ್ಥಾಪನಾ ಸಮಿತಿ 1998ರಲ್ಲಿ ದೂರು ಕೊಟ್ಟಿತು. ಪ್ಯಾನೆಲ್ ದೂರಿನಲ್ಲಿ ಹುರುಳಿದೆ ಎಂದು ತನಿಖೆಗೆ ಶಿಫಾರಸು ಮಾಡಿತು. ಆ ವರ್ಷದ ಕೊನೆಗೆ ನಿರ್ದೇಶಕ ಮಂಡಳಿ ತನಿಖೆ ಬೇಡವೆಂದಿತು, ಆಡಳಿತ ವರ್ಗವೇ ರಾಜ್ಯ ಸರ್ಕಾರದ ಜೊತೆ ಮಾತಾಡಿ ಸರಿಪಡಿಸಲಿ ಎಂದು ಕೈತೊಳೆದುಕೊಂಡಿತು. ಆಗಿನ ರೂಢಿಯೇ ಹಾಗಿತ್ತು. ಸಾಲ ಪಡೆಯುವ ದೇಶಗಳ ಪ್ರತಿನಿಧಿಗಳೂ ಕುಳಿತಿರುವ ಮಂಡಳಿ, ತನಿಖೆಯನ್ನು ತಮ್ಮ ದೇಶದ ಮೇಲಿನ ದೋಷಾರೋಪ ಎಂದು ತಿಳಿದು ತಡೆಯುತ್ತಿತ್ತು. 1999ರ ಏಪ್ರಿಲ್‌ನಲ್ಲಿ, ಅಂದರೆ ಕೆಲವೇ ತಿಂಗಳ ನಂತರ, ಅರ್ಹತೆಯ ತಾಂತ್ರಿಕ ಅಂಶ ಬಿಟ್ಟು ಬೇರೆ ಕಾರಣಕ್ಕೆ ಮಂಡಳಿ ತನಿಖೆ ತಡೆಯಬಾರದೆಂದು ನಿಯಮ ಸ್ಪಷ್ಟವಾಯಿತು. ನಾಗರಹೊಳೆಯವರ ದೂರು ಒಂದು ವರ್ಷ ತಡವಾಗಿ ಹೋಗಿದ್ದರೆ ತನಿಖೆಯಾದರೂ ನಡೆಯುತ್ತಿತ್ತು. ಇಂದಿನ ಇಎಸ್‌ಎಸ್ 7ರ ಪ್ರಕಾರ ಬುಡಕಟ್ಟು ಜನರ ಭೂಮಿಗೆ ಧಕ್ಕೆ ಬಂದರೆ, ಅವರನ್ನು ಸ್ಥಳಾಂತರಿಸುವುದಾದರೆ, ಅಥವಾ ಅವರ ಸಂಸ್ಕೃತಿಯ ಮುಖ್ಯ ತಾಣಕ್ಕೆ ದೊಡ್ಡ ಪೆಟ್ಟು ಬೀಳುವುದಾದರೆ ಮುಂಚಿತ, ಮುಕ್ತ, ತಿಳಿವಳಿಕೆಯ ಒಪ್ಪಿಗೆ ಬೇಕು. ಬರೀ ‘ಸಮಾಲೋಚನೆ’ ಸಾಲದು.

ಅಂಕ ಕಳೆದದ್ದು ಎಲ್ಲಿ

ಮೊದಲನೆಯದಾಗಿ, ಪರಿಹಾರವಿಲ್ಲ. ಪ್ಯಾನೆಲ್ ‘ಬ್ಯಾಂಕು ತಪ್ಪು ಮಾಡಿದೆ’ ಎಂದು ನೂರು ಪುಟ ಬರೆದರೂ ನಿಮ್ಮ ಖಾತೆಗೆ ಒಂದು ರೂಪಾಯಿ ಬೀಳುವುದಿಲ್ಲ. ಕ್ರಿಯಾ ಯೋಜನೆ ಬರೆಯುವುದು ತಪ್ಪು ಮಾಡಿದ ಆಡಳಿತ ವರ್ಗವೇ, ಜಾರಿ ಮಾಡಬೇಕಾದದ್ದು ಅದೇ ರಾಜ್ಯ ಸರ್ಕಾರ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಎರಡನೆಯದು, ಸಾಲಗಾರ ಎದ್ದು ಹೋದರೆ ಆಟ ಮುಗಿಯಿತು. ಆಂಧ್ರದ ಅಮರಾವತಿ ರಾಜಧಾನಿಗೆ 30 ಕೋಟಿ ಡಾಲರ್ ಸಾಲದ ಪ್ರಸ್ತಾವವಿತ್ತು. ರೈತರ ಜಮೀನು ಒಟ್ಟುಗೂಡಿಸುವ ಭೂ ಕ್ರೋಡೀಕರಣದಲ್ಲಿ ಒತ್ತಾಯ ನಡೆದಿದೆ ಎಂದು ಕೆಲವು ರೈತರು 2017ರಲ್ಲಿ ದೂರಿದರು, ಪ್ಯಾನೆಲ್ ತನಿಖೆಗೆ ಶಿಫಾರಸು ಮಾಡಿತು. 2019ರ ಜುಲೈನಲ್ಲಿ ಭಾರತ ಸರ್ಕಾರ ಸಾಲದ ಕೋರಿಕೆಯನ್ನೇ ಹಿಂಪಡೆಯಿತು. ಸಾಲವಿಲ್ಲ, ಆದ್ದರಿಂದ ತನಿಖೆಯೂ ಇಲ್ಲ. ರೈತರ ಪ್ರಶ್ನೆಗೆ ಉತ್ತರ ಸಿಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅದೇ ಅಮರಾವತಿಗೆ ಅದೇ ಬ್ಯಾಂಕು 80 ಕೋಟಿ ಡಾಲರ್ ಮಂಜೂರು ಮಾಡಿತು.

ಮೂರನೆಯದು, ಬೆದರಿಕೆ. ದೂರುದಾರರ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ತಡೆಯಲು ಪ್ಯಾನೆಲ್ 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಹೊಲದ ಬದುವಿನ ಮೇಲೆ ಬಂದು ನಿಲ್ಲುವವರನ್ನು ತಡೆಯುವ ಕೈ ಅದಕ್ಕಿಲ್ಲ. ಮೊದಲ ಪತ್ರದಲ್ಲೇ ಗೌಪ್ಯತೆ ಕೇಳಿಕೊಳ್ಳಿ. ಪ್ಯಾನೆಲ್ ತಂಡ ಊರಿಗೆ ಬಂದಾಗ ಎಲ್ಲಿ ಭೇಟಿಯಾಗಬೇಕೆಂದು ನೀವೇ ಹೇಳಿ. ಗ್ರಾಮ ಪಂಚಾಯಿತಿ ಕಚೇರಿ ಖಂಡಿತ ಬೇಡ.

ನ್ಯಾಯಾಲಯಕ್ಕೆ ಎಳೆಯಬಹುದಲ್ಲ ಎನ್ನುವವರಿಗೆ ಗುಜರಾತಿನ ಮುಂದ್ರಾ ಉತ್ತರ. ಐಎಫ್‌ಸಿ 45 ಕೋಟಿ ಡಾಲರ್ ಸಾಲ ಕೊಟ್ಟ ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದ ಮೀನುಗಾರಿಕೆ ಹಾಳಾಯಿತೆಂದು 2011ರಲ್ಲಿ ಸಿಎಒಗೆ ದೂರು ಹೋಯಿತು. ಸಿಎಒ 2013ರಲ್ಲಿ ಐಎಫ್‌ಸಿಯ ಲೋಪಗಳನ್ನು ಎತ್ತಿ ತೋರಿಸಿತು, ಐಎಫ್‌ಸಿ ಹೆಚ್ಚೇನೂ ಒಪ್ಪಲಿಲ್ಲ. ಮೀನುಗಾರರು ಅಮೆರಿಕದ ಕೋರ್ಟಿಗೆ ಹೋದರು. 2019ರ ಫೆಬ್ರುವರಿ 27ರಂದು ಅಲ್ಲಿನ ಸುಪ್ರೀಂ ಕೋರ್ಟ್, ಇಂಥ ಸಂಸ್ಥೆಗಳಿಗೆ ಸಂಪೂರ್ಣ ರಕ್ಷಾಕವಚವಿಲ್ಲ ಎಂದು 7-1ರಲ್ಲಿ ತೀರ್ಪಿತ್ತಿತು. ಸಂಭ್ರಮ ಬಹಳ ದಿನ ಉಳಿಯಲಿಲ್ಲ. ಹಾನಿಯ ಮೂಲ ಭಾರತದಲ್ಲಿದೆ, ಅಮೆರಿಕದಲ್ಲಲ್ಲ ಎಂದು ಕೆಳಗಿನ ಕೋರ್ಟುಗಳು ದಾವೆ ವಜಾ ಮಾಡಿದವು, 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಬಾಗಿಲು ತೆರೆದಿದೆ ಎಂದರು, ಒಳಗೆ ಹೋದವರು ಯಾರೂ ಇಲ್ಲ.

ಅಕ್ಕಪಕ್ಕದವರ ಬಗ್ಗೆ ಎರಡು ಮಾತು. ಎಡಿಬಿ ಸಾಲ ಮುಗಿದ ಎರಡು ವರ್ಷದವರೆಗೂ ದೂರು ತೆಗೆದುಕೊಳ್ಳುತ್ತದೆ, ಮಾತುಕತೆಯೋ ನಿಯಮ ಪರಿಶೀಲನೆಯೋ ಎಂದು ಶುರುವಿನಲ್ಲೇ ಆರಿಸಿಕೊಳ್ಳಬಹುದು. ಎಐಐಬಿ ಇನ್ನೊಂದು ಬ್ಯಾಂಕಿನ ಜೊತೆ ಸೇರಿ ಆ ಬ್ಯಾಂಕಿನ ನಿಯಮವನ್ನೇ ಬಳಸಿದ್ದರೆ ಬೀಜಿಂಗ್‌ಗೆ ಬರೆದು ಪ್ರಯೋಜನವಿಲ್ಲ, ಆ ಇನ್ನೊಂದು ಬ್ಯಾಂಕಿನ ಬಾಗಿಲಿಗೇ ಹೋಗಬೇಕು.

ಪ್ಯಾನೆಲ್‌ನಿಂದ ಸಿಗುವ ನಿಜವಾದ ಸರಕು ವರದಿ. ಸಾರ್ವಜನಿಕವಾಗುವ ಆ ವರದಿಯ ಜೊತೆ ಬ್ಯಾಂಕಿನ ಆಡಳಿತ ವರ್ಗದ ಲಿಖಿತ ಉತ್ತರವೂ ಹೊರಬರುತ್ತದೆ. ಎಷ್ಟು ಮನೆ, ಎಷ್ಟು ಎಕರೆ, ಯಾವ ದಿನ ಸಭೆ ಎಂಬ ಲೆಕ್ಕ ಅದರಲ್ಲಿ ಬ್ಯಾಂಕಿನ ಕೈಬರಹದಲ್ಲೇ ಇರುತ್ತದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕಾದರೂ ಸಿಗದ ಅಂಕಿ ಅಲ್ಲಿ ಸಿಕ್ಕಾವು. ಹೈಕೋರ್ಟಿನಲ್ಲೋ ಹಸಿರು ನ್ಯಾಯಮಂಡಳಿಯಲ್ಲೋ ಪ್ರಕರಣ ಹೂಡುವ ಉದ್ದೇಶವಿರುವವರು ಆ ಎರಡನ್ನೂ ಇಳಿಸಿಕೊಂಡು, ಮೊದಲು ಆಡಳಿತ ವರ್ಗದ ಉತ್ತರದ ಅನುಬಂಧದಿಂದ ಓದಲು ಶುರುಮಾಡಲಿ. ಒಪ್ಪಿಕೊಂಡ ತಪ್ಪುಗಳು ಇರುವುದು ಅಲ್ಲಿ, ಸಣ್ಣ ಅಕ್ಷರದಲ್ಲಿ.